ಹನುಮಂತರಾಜು ಹೊಡೆದುಹಾಕಿದ ಸಾಲು

ಹನುಮಂತರಾಜು ಕಾದಂಬರಿ ಓದುತ್ತಿದ್ದುದು ಜಗಳಕ್ಕೆ ನಿಂತವನ ಹಾಗೆ. ಹುಬ್ಬು ಗಂಟಿಕ್ಕಿ, ಪುಟಪುಟಕ್ಕೂ ತಕರಾರು ತೆಗೆಯುತ್ತ ಓದುವ ಮನುಷ್ಯ ಆತ; ಸಾಲೊಂದು ಹಿಡಿಸದಿದ್ದರೆ ಅದರ ಪಕ್ಕದಲ್ಲೇ ಸೀಸದಕಡ್ಡಿಯಿಂದ 'ಇದನ್ನು ಕಂಡವರು ಯಾರು?' ಎಂದು ಗೀಚಿಬಿಡುತ್ತಿದ್ದ. ಚಳ್ಳಕೆರೆಯ ಗ್ರಂಥಾಲಯದ ಸುಲೋಚನಮ್ಮನವರು ಆತ ಹಿಂದಿರುಗಿಸಿದ ಪ್ರತಿ ಪುಸ್ತಕವನ್ನೂ ತಿರುವಿ ನೋಡಿ, ಕೈಗೊಂದು ರಬ್ಬರು ಕೊಟ್ಟು, ಎದುರಿಗೇ ಕೂರಿಸಿ ಅಳಿಸಿಸುತ್ತಿದ್ದರು. ಅಳಿಸುವಾಗಲೂ ಆತ ಗೊಣಗುತ್ತಲೇ ಇರುತ್ತಿದ್ದ.

ತೊಂಬತ್ತೇಳರಲ್ಲಿ ನಮ್ಮ ಅಧ್ಯಯನ ಸಂಸ್ಥೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರಿಗಾಹಿ ಕುಟುಂಬಗಳ ಸಮೀಕ್ಷೆಗೆ ಕೈಹಾಕಿದಾಗ ಕ್ಷೇತ್ರಕಾರ್ಯಕ್ಕೆ ಸೇರಿಕೊಂಡವನು ಈತ. ವರದಿಯನ್ನು ತಿದ್ದಿ ಅಚ್ಚಿಗೆ ಕಳಿಸುವ ಸಂಪಾದಕನ ಕುರ್ಚಿ ನನ್ನದು. ಆತ ಕೊಂಡ್ಲಹಳ್ಳಿಯ ಕುರಿ ಕಾಯುವವರ ಮನೆಯ ಮಗ; ಏಪ್ರಿಲ್ ತಿಂಗಳ ಉರಿಬಿಸಿಲಲ್ಲೂ ಮೈಮೇಲಿಂದ ಇಳಿಯದ ಬೂದುಬಣ್ಣದ ಕೋಟು, ಅದರ ಬಲಗಿಸೆಯಲ್ಲಿ ಸಮೀಕ್ಷೆಯ ನಮೂನೆಗಳು, ಎಡಗಿಸೆಯಲ್ಲಿ ಕಾದಂಬರಿ. ದಾಪುಗಾಲು ಹಾಕಿ ಮುಂದೆ ಹೋಗಿ, ನಾವು ಹಿಂದುಳಿದೆವೆಂದು ರೇಗಿ, ಅಷ್ಟು ದೂರ ವಾಪಸು ಬಂದು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿದುಕೊಳ್ಳುವುದು ಆತನ ನಡಿಗೆಯ ಕ್ರಮ. ಆತನ ಜೊತೆ ಒಂದು ಮೈಲಿ ನಡೆದವರು ಎರಡು ಮೈಲಿಯಷ್ಟು ಬೈಸಿಕೊಂಡಿರುತ್ತಿದ್ದರು.

ಆತನ ಮೊದಲ ಜಗಳ 'ಮಾಹಿತಿದಾರ' ಎಂಬ ಪದದ ಮೇಲೆ. ನಮ್ಮ ನಮೂನೆಯಲ್ಲಿ ಯಾರಿಗೂ ಹೆಸರಿರಲಿಲ್ಲ, ಅಂಕಿಯಿತ್ತು. "ಸಾರ್, ಹದ್ನಾಕು ಅನ್ನೋ ಹೆಂಗಸು ನಮ್ಮ ಕಡೆ ಯಾರೂ ಇಲ್ಲ. ಆಯಮ್ಮನ ಹೆಸ್ರು ಬೊಮ್ಮಕ್ಕ. ಆಯಮ್ಮನ ಟಗರಿಗೂ ಒಂದ್ ಹೆಸ್ರು ಐತೆ" ಎಂದು ನಮೂನೆಗಳನ್ನು ನನ್ನ ಮೇಜಿನ ಮೇಲೆ ಕುಕ್ಕಿದ್ದ. ಕೊನೆಯಲ್ಲಿದ್ದ ಎರಡು ಬೆರಳಗಲದ 'ಷರಾ' ಎಂಬ ಅಂಕಣ ಆತನಿಗೆ ಸಾಲದೆ, ಗೋಂದು ಹಚ್ಚಿ ಚೀಟಿಯ ಕೆಳಗೆ ಚೀಟಿ ಅಂಟಿಸಿ, ಒಂದೊಂದು ನಮೂನೆಯನ್ನೂ ಮೊಳದುದ್ದ ಮಾಡಿ ತರುತ್ತಿದ್ದ.

ಆ ಚೀಟಿಗಳ ಬರವಣಿಗೆಯನ್ನು ಆತ ಕಲಿತದ್ದು ಕಾದಂಬರಿಗಳಿಂದ. ಮೆಚ್ಚಿದ ಅಧ್ಯಾಯವನ್ನು ಪೂರ್ತಿ ಕೈಯಲ್ಲಿ ನಕಲು ಮಾಡಿ, ಬರೆದವನು ಎಲ್ಲಿ ನಿಂತು ನೋಡುತ್ತಿದ್ದಾನೆ, ಏನನ್ನು ಬಿಟ್ಟಿದ್ದಾನೆ, ಯಾವ ಮಾತಿಗೆ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಬೈಯುತ್ತಲೇ ಲೆಕ್ಕ ಹಾಕುತ್ತಿದ್ದ. "ಮಾತಾಡೋವಾಗ ಕೈ ಏನ್ ಮಾಡ್ತಿತ್ತು ಅನ್ನೋದನ್ನ ಕಾದಂಬರಿಯೋರು ಬಿಡಲ್ಲ. ನಾವು ಬರೀ ಬಾಯಿ ಬರ್ಕೊಂಡು ಬರ್ತೀವಿ" ಎನ್ನುತ್ತಿದ್ದ. ವರದಿಯ ಕರಡಿನಲ್ಲಿ ನಾನು 'ಈ ಸಮುದಾಯದ ಮಹಿಳೆಯರು ಶ್ರಮಜೀವಿಗಳು' ಎಂದು ಬರೆದದ್ದನ್ನು ಕಂಡು, "ಇದು ಎಮ್ಮೆಗೂ ಒಪ್ತತೆ ಸಾರ್" ಎಂದುಬಿಟ್ಟ. ಅದರ ಜಾಗಕ್ಕೆ ಆತ ತಂದದ್ದು ಹೀಗಿತ್ತು: 'ಮುನ್ನೂರು ಕುರಿಗಳ ಅರಚಾಟದ ನಡುವೆ ಬೊಮ್ಮಕ್ಕ ಒಂದು ಮರಿಯ ದನಿಯನ್ನು ಹೆಕ್ಕಿ, ನನ್ನೊಂದಿಗೆ ಆಡುತ್ತಿದ್ದ ಮಾತನ್ನು ನಿಲ್ಲಿಸದೆಯೇ, ಅದನ್ನು ಎತ್ತಿ ಅದರ ತಾಯಿಯ ಕೆಳಗೆ ಬಿಟ್ಟಳು.' ನನ್ನ ಸಾಲನ್ನು ನಾನೇ ಹೊಡೆದುಹಾಕಿದೆ. ಸಿಟ್ಟು ಬಂದಿತ್ತು, ಬೇರೆ ದಾರಿಯಿರಲಿಲ್ಲ.

ಈ ಬೊಮ್ಮಕ್ಕನ ಊರು ಬಿ.ಜಿ. ಕೆರೆಯ ಆಚೆಗಿನ ಒಂದು ಹಟ್ಟಿ. ಅವಳ ಅಜ್ಜಿಯ ಕಾಲದಿಂದ ಕುರಿಗಳು ಕೆರೆಗೆ ಇಳಿಯುತ್ತಿದ್ದ ದಾರಿಗೆ ಇಲಾಖೆಯೊಂದು ನೆಡುತೋಪಿನ ಹೆಸರಿನಲ್ಲಿ ಮುಳ್ಳುತಂತಿ ಬಿಗಿದಿತ್ತು. ನೀರಿಗಾಗಿ ಕುರಿಗಳು ಮೂರು ಮೈಲಿ ಸುತ್ತಬೇಕಾಗಿತ್ತು. ದಾರಿಯ ಬಗ್ಗೆ ಕೇಳಲು ಬೊಮ್ಮಕ್ಕ ಕದಿರು ಹಿಡಿದೇ ಇಲಾಖೆಯ ಕಚೇರಿಗೆ ಹೊರಟಳು, ಹನುಮಂತರಾಜು ಜೊತೆಗೆ ಹೋದ. ಕಚೇರಿಯ ಬಾಗಿಲಲ್ಲಿ ಮೂರು ಗಂಟೆ ನಿಲ್ಲಿಸಿ, ಕೊನೆಗೆ ಸಾಹೇಬರು ತಲೆ ಎತ್ತದೆಯೇ ಆಗುವುದಿಲ್ಲ ಎಂದರು. ಆ ಮಧ್ಯಾಹ್ನವನ್ನು ಹನುಮಂತರಾಜು ನಾಲ್ಕು ಪುಟಗಳಲ್ಲಿ ಬರೆದ. ಅಂಥ ಬರವಣಿಗೆ ನಮ್ಮ ಸಂಸ್ಥೆಯಲ್ಲಿ ಅದುವರೆಗೆ ಯಾರೂ ಬರೆದಿರಲಿಲ್ಲ. ಅದರ ಕೊನೆಯ ಸಾಲು, 'ಬೊಮ್ಮಕ್ಕನ ಕಣ್ಣಿನಿಂದ ಹನಿಯೊಂದು ಜಾರಿ ಕಚೇರಿಯ ನೆಲದ ಮೇಲೆ ಬಿತ್ತು.'

ಬರೆದದ್ದನ್ನು ಅಚ್ಚಿಗೆ ಹೋಗುವ ಮೊದಲು ಅವರವರಿಗೇ ಓದಿ ಹೇಳುವುದು ಆತನ ಹಟ. ನಾನೂ ಅಂದು ಜೊತೆಗಿದ್ದೆ. ಬೊಮ್ಮಕ್ಕ ಉಣ್ಣೆ ನೂಲುತ್ತ ಎಲ್ಲವನ್ನೂ ಕೇಳಿದಳು, ಸಾಹೇಬರ ಮಾತು ಬಂದಾಗ ನಕ್ಕಳು, ಕೊನೆಯ ಸಾಲಿಗೆ ಕದಿರು ಕೆಳಗಿಟ್ಟಳು.

"ಯಾವಾಗ ಅತ್ತೆನೋ ನಾನು? ನೀನೂ ಅಲ್ಲೇ ನಿಂತಿದ್ದಲ್ಲ!"

ಹನುಮಂತರಾಜು ಕೈಯಲ್ಲಿದ್ದ ಹಾಳೆ ತಿರುವಿ ಆ ಸಾಲನ್ನು ಮತ್ತೆ ನೋಡಿದ.

"ದಾರಿ ನಮ್ದು ಅಂತ ಕೇಳಾಕೆ ಹೋಗಿದ್ದೆ ಕಣೋ. ಅತ್ತೆ ಅಂತ ಬರೆದ್ರೆ ಬೇಡಾಕೆ ಹೋಗಿದ್ದೆ ಅಂತ ಆಗಲ್ವಾ? ನಾಳೆ ಹಟ್ಟಿಯಾಗೆ ನಾನು ಹೆಂಗೆ ತಿರುಗಾಡ್ಲಿ?"

ಊರಿನ ಕಾದಂಬರಿಕಾರರನ್ನೆಲ್ಲ 'ಕಂಡವರು ಯಾರು' ಎಂದು ಕೇಳುತ್ತಿದ್ದವನು ತಾನು ಕಾಣದ ಕಣ್ಣೀರನ್ನು ಬರೆದಿದ್ದ. ಕಾದಂಬರಿಗಳಲ್ಲಿ ಅಂಥ ಕಡೆ ಹೆಂಗಸರು ಅಳುತ್ತಾರೆ, ಆತನ ಕೈ ತಾನಾಗಿ ಅತ್ತ ಹೋಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ತನಗೆ ತಾನೇ ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಮೂರು ವಾರದ ಮೇಲೆ ಹೊಸ ಕರಡು ಬಂತು. ಕೊನೆಗೆ ಈಗ ಇದ್ದದ್ದು ಅಂದು ಕಚೇರಿಯಲ್ಲಿ ಆತ ಕಂಡು ಕೇಳಿದ್ದು ಇಷ್ಟೇ: 'ಬೊಮ್ಮಕ್ಕ ನೂಲು ಕಡಿಯದಂತೆ ಕದಿರಿಗೆ ಸುತ್ತಿಕೊಂಡು, ಕೆರೆ ಎಲ್ಲಿಗೂ ಹೋಗಿಲ್ಲ, ಕುರೀನೂ ಹೋಗಿಲ್ಲ, ದಾರಿ ಮಾತ್ರ ಹೆಂಗೆ ಹೋಯ್ತು ಸ್ವಾಮಿ, ಎಂದು ಕೇಳಿದಳು.'

ನಾನು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಓದಿದೆ. ಕಣ್ಣೀರು ಓದುಗನ ಎದೆ ತಟ್ಟುತ್ತದೆ ಎನ್ನಿಸಿತು. ಒಂದು ಹನಿಯಿಂದ ಯಾರಿಗೇನು ನಷ್ಟ ಎಂದುಕೊಂಡೆ. ಅವಳ ಮಾತನ್ನು ಕಿವಿಯಾರೆ ಕೇಳಿಸಿಕೊಂಡಿದ್ದ ನಾನು, ಆತನಿಗೆ ಒಂದು ಮಾತೂ ತಿಳಿಸದೆ, ಹಳೆಯ ಕರಡನ್ನೇ ಅಚ್ಚಿಗೆ ಕಳಿಸಿದೆ. ಇದನ್ನು ಮಾಡಿದವನು ನಾನು. ಈ ಬರಹದಲ್ಲಿ ಬೇರೆ ಯಾರ ಮೇಲೂ ತಪ್ಪು ಹೊರಿಸುವ ಯೋಗ್ಯತೆ ನನಗಿಲ್ಲ.

ತೊಂಬತ್ತೊಂಬತ್ತರಲ್ಲಿ ಮೊಳಕಾಲ್ಮೂರಿನಲ್ಲಿ ಪುಸ್ತಕದ ಬಿಡುಗಡೆಯಾಯಿತು. ಅದೇ ಸಾಹೇಬರು ವೇದಿಕೆಯ ಮೇಲೆ ಆ ನಾಲ್ಕು ಪುಟಗಳನ್ನು ಗದ್ಗದಿತರಾಗಿ ಓದಿದರು. "ಈ ತಾಯಿಯ ಕಣ್ಣೀರಿಗೆ ಸ್ಪಂದಿಸಿ, ಮಾನವೀಯ ನೆಲೆಯಲ್ಲಿ" ಎಂದು ಹೇಳಿ ಬೊಮ್ಮಕ್ಕನಿಗೆ ಗಿರಣಿಯಲ್ಲಿ ತಯಾರಾದ ಹೊದಿಕೆಯೊಂದನ್ನು ಹೊದಿಸಿದರು. ಬುದ್ಧಿ ಬಂದಾಗಿನಿಂದ ಕಂಬಳಿಗೆ ಉಣ್ಣೆ ನೂತವಳಿಗೆ ಹೊದಿಕೆಯ ದಾನ! ಸಭೆ ಚಪ್ಪಾಳೆ ತಟ್ಟಿತು. "ದಾರಿ ಯಾವಾಗ ಬಿಡ್ತೀರಿ?" ಎಂದು ಬೊಮ್ಮಕ್ಕ ಕೇಳಿದಳು, ಮೈಕು ಅವಳ ಕಡೆಗಿರಲಿಲ್ಲ. ಆಗ ಹಿಂದಿನ ಸಾಲಿನಿಂದ ಹನುಮಂತರಾಜು ಎದ್ದುನಿಂತು, "ಆಯಮ್ಮ ಅತ್ತಿಲ್ಲ ಕಣ್ರೀ! ಅದು ಸುಳ್ಳು, ನಾನೇ ಬರ್ದಿದ್ದ ಸುಳ್ಳು!" ಎಂದು ಕೂಗಿದ. ಇಬ್ಬರು ಬಂದು ಆತನನ್ನು ತೋಳು ಹಿಡಿದು ಹೊರಗೆ ಕರೆದೊಯ್ದರು.

ಮರುದಿನ ಬೆಳಿಗ್ಗೆ ಸಂಸ್ಥೆಗೆ ಬಂದವನು ನನಗೆ ಬೈಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆತನ ದನಿ ತಗ್ಗಿತ್ತು. "ಅವ್ರು ತಂತಿ ಹಾಕಿದ್ರು ಸಾರ್. ನೀವು ಅದಕ್ಕೆ ಬೀಗ ಹಾಕಿದ್ರಿ" ಎಂದ. ಆಮೇಲೆ ಉಗ್ರಾಣದಲ್ಲಿ ಕೂತು, ಉಳಿದಿದ್ದ ಪ್ರತಿಗಳ ಕಟ್ಟುಗಳನ್ನು ಬಿಚ್ಚಿ, ಒಂದೊಂದರಲ್ಲೂ ಆ ಸಾಲನ್ನು ಕಪ್ಪು ಮಸಿಯಲ್ಲಿ ಹೊಡೆದುಹಾಕುತ್ತ ಹೋದ. ಮಧ್ಯಾಹ್ನದ ಹೊತ್ತಿಗೆ ನಾನೂ ಒಂದು ಪೆನ್ನು ತೆಗೆದುಕೊಂಡು ಎದುರಿಗೆ ಕೂತೆ. ಆತ ತಲೆ ಎತ್ತಲಿಲ್ಲ, ಒಂದು ಕಟ್ಟನ್ನು ನನ್ನ ಕಡೆಗೆ ತಳ್ಳಿದ. ಕೆಲಸ ಮುಗಿದ ಮೇಲೆ ರಾಜೀನಾಮೆ ಕೊಟ್ಟು ಹೊರಟುಹೋದ.

ಇಂಥವರನ್ನು ನಾವು ಮುಂಗೋಪಿಗಳು, ಹೊಂದಿಕೊಂಡು ಹೋಗಲಾರದವರು ಎಂದು ಬದಿಗೆ ಸರಿಸುತ್ತೇವೆ. ಬರವಣಿಗೆಯ ಸೊಗಸನ್ನು ಕಾದಂಬರಿಯಿಂದ ಕಲಿಯಲು ನಮ್ಮಲ್ಲಿ ಬಹಳ ಜನ ತಯಾರಿದ್ದೇವೆ. ಆ ಸೊಗಸು ಇನ್ನೊಬ್ಬರ ಮಾನಕ್ಕೆ ಕೈಹಾಕಿದ ಕ್ಷಣದಲ್ಲಿ ತಮ್ಮ ಅತ್ಯುತ್ತಮ ಸಾಲನ್ನೇ ಕೊಲ್ಲಬಲ್ಲವರು ಈ ಕೋಪಿಷ್ಠರು ಮಾತ್ರ. ನಮಗಾದರೋ ಅಳುವ ಬಡವರು ಬೇಕು. ಅಳುವವಳ ಕೈಗೆ ಏನಾದರೊಂದು ಕೊಟ್ಟು, ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ನಿದ್ದೆ ಮಾಡಬಹುದು. ಅಳದೆ ನಿಂತು ಕೇಳುವವಳಿಗೆ ಉತ್ತರ ಕೊಡಬೇಕಾಗುತ್ತದೆ.