ತುಳಸಿ ಕುಂಡದ ಬಿಳುಪು

ಕೂಲರಿನ ಖಸ್ ವಾಸನೆ, ಒದ್ದೆ ಲಾವಂಚದ್ದು, ಜೂನ್ ತಿಂಗಳ ದೆಹಲಿಗೆಲ್ಲ ಇದೊಂದೇ ವಾಸನೆ, ಮನೆಯಲ್ಲೂ ಇದೇ, ಆಸ್ಪತ್ರೆಯಲ್ಲೂ ಇದೇ, ಪಂಕಜಾ ಬೆಂಚಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು — ಆ ಬಾಗಿಲಾಚೆ ಅತ್ತೆ, ಶಾಂತಮ್ಮ, ಬೆಳಗ್ಗೆ ದ್ವಾದಶಿ ಪಾರಣೆಗೆಂದು ಎಲೆ ಮುಂದೆ ಕೂತವರು ಹಾಗೇ ವಾಲಿಬಿಟ್ಟರು, ಎಷ್ಟು ಸಲೈನ್ ಹಾಕಿದರೂ ಬಿ.ಪಿ. ಏರುತ್ತಿಲ್ಲವಂತೆ, ಗಂಡ ಸುರೇಶ ಧೌಲಾ ಕುವಾಂ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಿದ್ದಾನಂತೆ, ಇನ್ನೂ ಹುಡುಗಿಯಂತಿರುವ ಆ ಡಾಕ್ಟರು ಕೇಳಿದ್ದೇನು, ಸ್ಟೆರಾಯ್ಡ್ ನಿಲ್ಲಿಸಿದ್ದೀರಾ ಎಂದು, ಬಿಲ್ಕುಲ್ ನಹೀ, ನಾನೇ ಕೈಯಾರೆ ಕೊಡೋದು, ಎಂಥ ಪ್ರಶ್ನೆ, ಉರಿದುಹೋಯಿತು ಮೈಯೆಲ್ಲ — ಕೀಲುನೋವಿಗೆ ಆ ಮಾತ್ರೆ ಬರೆದುಕೊಟ್ಟ ಜನಕಪುರಿಯ ಡಾಕ್ಟರು ಅಂದೇ ಬಿಡಿಸಿ ಹೇಳಿದ್ದರಲ್ಲ, ಮೂತ್ರಪಿಂಡದ ಮೇಲೊಂದು ಪುಟ್ಟ ಗ್ರಂಥಿ, ತಲೆಯೊಳಗಿನ ಗ್ರಂಥಿ ಕೂಗಿದರೆ ಅದು ಬಿ.ಪಿ. ಬೀಳದಂತೆ ಹಿಡಿದಿಡುವ ರಸ ಮಾಡಿಕೊಡುತ್ತದೆ, ಸಾಕಷ್ಟಾದರೆ ಮೇಲಿನದು ಸುಮ್ಮನಾಗುತ್ತದೆ, ಹೊರಗಿನಿಂದ ಅದೇ ರಸ ಮಾತ್ರೆಯಾಗಿ ಬರುತ್ತಲೇ ಇದ್ದರೆ ಮೇಲಿನದು ಕೂಗುವುದನ್ನೇ ಬಿಡುತ್ತದೆ, ಕೆಳಗಿನದು ನಿದ್ದೆ ಹೋಗುತ್ತದೆ, ಏಕ್‌ದಮ್ ನಿಲ್ಲಿಸಬೇಡಿ, ಮಲಗಿದ್ದು ಕೂಡಲೇ ಏಳುವುದಿಲ್ಲ, ಅತ್ತೆ ನಕ್ಕಿದ್ದರು, ನೀನು ಬಂದ ಮೇಲೆ ನಾನು ಅಡುಗೆಮನೆ ಮರೆತ ಹಾಗೆ ಅನ್ನು.

ನಕ್ಕವರೇ ಮೊನ್ನೆ ದಶಮಿಯ ದಿನ ರಾಗ ಎಳೆದರು, ನಿರ್ಜಲ ಏಕಾದಶಿ ಕಣೆ, ಮೂರು ದಿನ ಮಾತ್ರೆ ಬೇಡ, ವ್ರತ ಕೆಡುತ್ತೆ, ಇವಳು ಗದರಿದಳು, ನುಂಗೋವರೆಗೂ ಇಲ್ಲೇ ನಿಂತಿರ್ತೀನಿ, ನಿಂತಳು, ಅವರು ಬಾಯಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದಳು, ಮೂರು ಬೆಳಗ್ಗೆಯೂ ನೋಡಿದಳು, ಬಾಯಿಗೆ ಹಾಕಿಕೊಂಡು, ತುಟಿ ಬಿಗಿದು, ತಲೆಯಾಡಿಸಿ, ಬಾಲ್ಕನಿಗೆ, ತುಳಸಿಗೆ ಕೈಮುಗಿಯಲು — ಮಾತೇ ಆಡದೆ, ಸದಾ ವಟವಟ ಎನ್ನುವ ಮುದುಕಿ, ಯಾಕೆ ಮಾತಾಡಲಿಲ್ಲ, ಇವತ್ತು ಬೆಳಗ್ಗೆ ತುಳಸಿಗೆ ನೀರು ಹಾಕುವಾಗ ಬುಡದಲ್ಲೇನೋ ಬೆಳ್ಳಗೆ, ಪಾರಿವಾಳಕ್ಕೆ ಚೆಲ್ಲಿದ ಅಕ್ಕಿ ಎಂದುಕೊಂಡಳು, ನೀರು ಬಿದ್ದೊಡನೆ ಉಬ್ಬಿತು, ಹಿಟ್ಟಾಯಿತು, ಅಕ್ಕಿ ಹಾಗೆ ಕರಗುತ್ತದೆಯೇ, ಅಯ್ಯೋ ದೇವರೇ, ಅಕ್ಕಿ ಕರಗುವುದಿಲ್ಲ — ಬಾಗಿಲು ತಳ್ಳಿದಳು, ಡಾಕ್ಟರ ತೋಳು ಹಿಡಿದಳು, ಇಷ್ಟು ವರ್ಷ ತರಕಾರಿ ಭಯ್ಯಾನ ಹತ್ತಿರ ಜಗಳವಾಡಿದ ಹಿಂದಿ ಒಂದಕ್ಷರವೂ ನಾಲಿಗೆಗೆ ಬರುತ್ತಿಲ್ಲ, ಮಾತ್ರೆ ತಗೊಂಡಿಲ್ಲ, ಅವರು ತಗೊಂಡೇ ಇಲ್ಲ, ಡಾಕ್ಟರು ಕ್ಯಾ, ಕ್ಯಾ ಬೋಲ್ ರಹೀ ಹೈಂ ಎನ್ನುತ್ತಿದ್ದಾಳೆ, ಕೂಗುತ್ತಿದ್ದಾಳೆ, ಪಂಕಜಾ ಮೂರು ಬೆರಳು ಎತ್ತಿ ಹಿಡಿದು ನಿಂತಿದ್ದಾಳೆ, ತುಳಸಿಯ ಬುಡ, ಒದ್ದೆ ಮಣ್ಣು, ಅದರ ಮೇಲೆ ಬಿಳುಪು, ಕರಗುತ್ತಿರುವ ಬಿಳುಪು