ಏಳು ದಿನ ನಿಂತ ಜಾಡಿ

ನೀರಿನ ಸ್ವಭಾವವೇ ಹಾಗೆ, ಜೊತೆಗೆ ಬಂದದ್ದನ್ನು ಹೆಚ್ಚು ದಿನ ಹೊತ್ತುಕೊಂಡಿರಲಾರದು. ನುಣ್ಣಗೆ ಅರೆದ ಕಲ್ಲಿದ್ದಲನ್ನು ನೀರಿನಲ್ಲಿ ಕಲಸಿ, ಎಣ್ಣೆಯಂತೆ ಹರಿಯುವ ಕಪ್ಪು ಸ್ಲರಿ ಮಾಡಿ, ಅದನ್ನೇ ಬಾಯ್ಲರಿನಲ್ಲಿ ಉರಿಸಿ ವಿದ್ಯುತ್ ತೆಗೆಯುತ್ತಿದ್ದ ಆ ಸ್ಥಾವರದಲ್ಲಿ ಎಲ್ಲರಿಗೂ ಇದ್ದ ಭಯ ಅದೊಂದೇ. ಪುಡಿ ತಳ ಕಚ್ಚಿತೆಂದರೆ ಕಲ್ಲಾಗಿಬಿಡುತ್ತದೆ. ಅದಕ್ಕೇ ಪ್ರತಿ ಸಲ ಕಲಸಿದ್ದರಲ್ಲಿ ಒಂದು ಗಾಜಿನ ಜಾಡಿಗೆ ಮುಕ್ಕಾಲು ತುಂಬಿ, ಲ್ಯಾಬಿನ ಕಪಾಟಿನಲ್ಲಿ ಏಳು ದಿನ ಅಲುಗಾಡಿಸದೆ ಇಡುತ್ತಿದ್ದರು. ಎಂಟನೆಯ ದಿನ ಅದರೊಳಗೆ ಗಾಜಿನ ಕಡ್ಡಿ ಬಿಡಬೇಕು. ಒತ್ತಬಾರದು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ತಳ ಮುಟ್ಟಿದರೆ ಆ ಸ್ಲರಿ ಟ್ಯಾಂಕಿನಿಂದ ಬರ್ನರಿಗೆ ಹೋಗಬಹುದು, ನಡುವೆ ನಿಂತರೆ ಇಲ್ಲ.

ಹದಿನಾಲ್ಕು ವರ್ಷದಿಂದ ಕಡ್ಡಿ ಬಿಡುವವನು ಒಬ್ಬನೇ. ಎಲ್ಲರ ಬಾಯಲ್ಲೂ ಅವನು ಕಡ್ಡಿಯಣ್ಣ. ಕಣ್ಣುಮುಚ್ಚಿ ದೇವರನ್ನು ನೆನೆದು, ಉಸಿರು ಬಿಗಿಹಿಡಿದು ಬಿಡುತ್ತಿದ್ದ. "ಕಡ್ಡೀನ ಗುಡ್ಡ ಮಾಡೋದ್ರಲ್ಲಿ ನಮ್ಮಣ್ಣಂದು ಎತ್ತಿದ ಕೈ" ಎಂದು ಪಂಪಿನವನು ರೇಗಿಸಿದರೆ ನಕ್ಕುಬಿಡುತ್ತಿದ್ದ.

ಕೆಲಸ ಕೊಡಿಸಿದವರು ಭಾವ, ಅದೇ ವಿಭಾಗದ ಸೂಪರ್‌ವೈಸರ್. ತಾಯಿ ತೀರಿಕೊಂಡಾಗ ಹತ್ತು ವರ್ಷದವನಾಗಿದ್ದವನನ್ನು ಅಕ್ಕ ಕರೆತಂದು ಬೆಳೆಸಿದಳು. ಭಾವ ಒಂದು ದಿನವೂ ಹುಬ್ಬು ಗಂಟಿಕ್ಕಲಿಲ್ಲ. ಹಾಗಾಗಿ ಭಾವನ ಮಾತೆಂದರೆ ಅವನಿಗೆ ದೇವರ ಮುಂದೆ ಆಡಿದ ಮಾತು.

ಆ ಸೋಮವಾರ ಬಸ್ಸು ಕೈಕೊಟ್ಟು ತಡವಾಗಿ ಬಂದ. ಅಷ್ಟರಲ್ಲಿ ಭಾವ ಕಡ್ಡಿಯನ್ನು ಒರೆಸಿ ಇಡುತ್ತಿದ್ದರು. "ನಾನೇ ಬಿಟ್ಟು ನೋಡಿದೀನಿ, ಸರ್ರನೆ ತಳ ಮುಟ್ಟಿತು. ನೀನು ಸಹಿ ಹಾಕಪ್ಪ, ಇವತ್ತೇ ಕಳಿಸ್ತೀನಿ ಅಂತ ಮೇಲಿನವರಿಗೆ ಮಾತು ಕೊಟ್ಟಿದೀನಿ" ಎಂದರು. ಬೇರೆ ಯಾರಾದರೂ ಹೇಳಿದ್ದರೆ ಇನ್ನೊಮ್ಮೆ ಬಿಟ್ಟು ನೋಡುತ್ತಿದ್ದ. ಭಾವನ ಎದುರು ಹಾಗೆ ಮಾಡಿದರೆ ಅವರ ಮುಖಕ್ಕೆ ಹೊಡೆದಂತಾಗುತ್ತಿತ್ತು. ಸಹಿ ಹಾಕಿದ.

ಗುರುವಾರ ಟ್ಯಾಂಕಿನ ಕಲಕುವ ಮೋಟಾರನ್ನು ದುರಸ್ತಿಗೆಂದು ಅರ್ಧ ದಿನ ನಿಲ್ಲಿಸಿದರು. ಒಳ್ಳೆಯ ಸ್ಲರಿಯಾಗಿದ್ದರೆ ಅಷ್ಟಕ್ಕೆ ಏನೂ ಆಗುತ್ತಿರಲಿಲ್ಲ. ಇದು ತಳ ಕಚ್ಚಿತು. ಪಂಪು ಕಟ್ಟಿಕೊಂಡಿತು, ಬರ್ನರುಗಳು ಒಂದೊಂದೇ ಆರಿದವು, ಅರ್ಧ ಊರಿಗೆ ಕರೆಂಟ್ ಹೋಯಿತು. ಪೈಪು ಬಿಚ್ಚಲು ಹೋದ ಪಂಪಿನವನ ಎರಡು ಬೆರಳು ಜಜ್ಜಿಹೋದವು.

ಕಡ್ಡಿಯಣ್ಣ ಲ್ಯಾಬಿಗೆ ಓಡಿದ. ಆ ಜಾಡಿ ಇನ್ನೂ ಕಪಾಟಿನಲ್ಲೇ ಇತ್ತು. ಅಲುಗದೆ ನಿಂತ ಜಾಡಿಯಲ್ಲಿ ಸ್ಲರಿಯಿಂದ ಮೇಲಿನ ಗಾಜು ಶುಭ್ರವಾಗಿರುತ್ತದೆ. ಇದರಲ್ಲಿ ಮುಚ್ಚಳದ ಒಳಗಿನವರೆಗೂ ಕಪ್ಪು ಚಿಮ್ಮಿ ಒಣಗಿತ್ತು. ಯಾರೋ ಮೊದಲು ಚೆನ್ನಾಗಿ ಕುಲುಕಿ, ತಳಕ್ಕಿಳಿದ ಪುಡಿಯನ್ನು ಕದಡಿ, ಆಮೇಲೆ ಕಡ್ಡಿ ಬಿಟ್ಟಿದ್ದರು. ಯಾರೋ ಎಂದೇಕೆ ಅನ್ನಬೇಕು?

ಆದರೂ ಅವನು ಮನಸ್ಸು ಕೆಡಿಸಿಕೊಳ್ಳಲಿಲ್ಲ. ಅವಸರದಲ್ಲಿ ಮನುಷ್ಯ ಎಡವುತ್ತಾನೆ. ವಿಚಾರಣೆಯಲ್ಲಿ ಭಾವ ತಾವೇ ಒಪ್ಪಿಕೊಳ್ಳುತ್ತಾರೆ, ತಾನು ಮೊದಲೇ ಬಾಯಿಬಿಟ್ಟು ಅವರ ಮರ್ಯಾದೆ ಕಳೆಯುವುದು ಬೇಡ ಎಂದುಕೊಂಡ.

ವಿಚಾರಣೆ ನಡೆದದ್ದು ಮುಂದಿನ ಸೋಮವಾರ, ಮ್ಯಾನೇಜರರ ಕೋಣೆಯಲ್ಲಿ. ಕಡ್ಡಿ ಬಿಟ್ಟವರು ಯಾರು ಎಂದು ಮ್ಯಾನೇಜರು ಕೇಳಿದರು. ಭಾವ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಅವನೇ ಸಾರ್. ಯಾವತ್ತೂ ಅವನೇ. ಸಹಿ ಇದೆಯಲ್ಲ" ಎಂದರು.

"ಸಹಿ ನಂದೇ ಸಾರ್. ಕಡ್ಡಿ ಬಿಟ್ಟಿದ್ದು ನಾನಲ್ಲ" ಎಂದ ಅವನು. ಹಾಗಾದರೆ ಯಾರು ಎಂಬ ಪ್ರಶ್ನೆಗೆ ಭಾವನ ಮುಖ ನೋಡಿದ. ಅವರು ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. ಜಾಡಿ ತರಿಸಿ ನೋಡಿ ಎಂದಷ್ಟೇ ಬೇಡಿಕೊಂಡ. ತಂದ ಜಾಡಿ ತೊಳೆದು ಫಳಫಳ ಹೊಳೆಯುತ್ತಿತ್ತು. ತೊಳೆಸಿದ್ದು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಅವನನ್ನು ಲ್ಯಾಬಿನಿಂದ ತೆಗೆದು ಕಲ್ಲಿದ್ದಲು ರಾಶಿ ಹಾಕುವಲ್ಲಿಗೆ, ಸಲಿಕೆ ಕೆಲಸಕ್ಕೆ ಹಾಕಿದರು.

ಸಂಜೆ ನೇರ ಅಕ್ಕನ ಮನೆಗೆ ಹೋದ. ಭಾವ ಇನ್ನೂ ಬಂದಿರಲಿಲ್ಲ. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳು ಅತ್ತುಬಿಡುತ್ತಾಳೇನೋ, ಗಂಡನ ಜೊತೆ ಜಗಳಕ್ಕೆ ನಿಲ್ಲುತ್ತಾಳೇನೋ ಎಂದು ಹೆದರುತ್ತಲೇ ಎಲ್ಲವನ್ನೂ ಹೇಳಿ ಮುಗಿಸಿದ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಅವರು ರಿಟೈರ್ ಆಗೋಕೆ ಇನ್ನು ಎಂಟೇ ತಿಂಗಳು. ಈಗ ತೆಗೆದುಹಾಕಿದ್ರೆ ನಾವು ಬೀದಿಗೆ ಬೀಳ್ತಿದ್ವಿ. ನಿನಗೇನು, ಹೆಂಡ್ತಿಯೇ, ಮಕ್ಕಳೇ? ಒಂಟಿ ಜೀವ, ಹೇಗೋ ಆಗುತ್ತೆ. ನಾನೇ ಹೇಳಿದ್ದು ಅವರಿಗೆ, ಅವನ ಹೆಸರು ಹೇಳ್ಬಿಡಿ, ಅವನು ನಿಮ್ಮನ್ನು ಬಿಟ್ಟುಕೊಡಲ್ಲ ಅಂತ."

ಜಾರಿ ಬಿದ್ದಿದ್ದ ಒಂದು ಬಟ್ಟೆಯನ್ನು ಅವನು ಎತ್ತಿ ಅವಳ ಕೈಗೆ ಕೊಟ್ಟ.

"ಯಾವಾಗ ಹೇಳಿದೆ ಅಕ್ಕ?"

"ಶನಿವಾರ."

ಭಾನುವಾರ ಮಧ್ಯಾಹ್ನ ಅವನು ಇದೇ ಮನೆಯಲ್ಲಿ ಉಂಡಿದ್ದ. ಸೋರುತ್ತಿದ್ದ ನಲ್ಲಿ ಸರಿಮಾಡಿಕೊಟ್ಟಿದ್ದ. ಸೊರಗಿದ್ದೀಯ ಎಂದು ಅಕ್ಕ, ಬೇಡಬೇಡವೆಂದರೂ ಮತ್ತೆ ಮತ್ತೆ ಬಡಿಸಿದ್ದಳು. ತುತ್ತು ಎತ್ತುವ ಮುನ್ನ ಅವನು ಕಣ್ಣುಮುಚ್ಚಿ ಆ ಇಬ್ಬರ ನೆಮ್ಮದಿಗಾಗಿ ದೇವರನ್ನು ಬೇಡಿಕೊಂಡಿದ್ದ.

ಅಕ್ಕ ಮಡಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಊಟ ಮಾಡಿಕೊಂಡೇ ಹೋಗು ಎಂದು ಎದ್ದಳು.

"ಹಸಿವಿಲ್ಲ ಅಕ್ಕ" ಎಂದು ಸುಳ್ಳು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಅವನು ಮೆಟ್ಟಿಲಿಳಿದ.