ಎಲ್ಲರಿಗೂ ಗೊತ್ತಿದ್ದ ಕೊಂಡಿ

ಕಡಲಾಚೆಯ ಒಲ್ಯಾಂವ್ ಎಂಬ ಬಂದರಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ, ಬೂತಾಯಿ ಮೀನು ಬಂದ ದಿನ ಯಾರಿಗೂ ಬಾಯಿ ಇರುತ್ತಿರಲಿಲ್ಲ. ಬಾಯಿ ಇದ್ದದ್ದು ಮೇಸ್ತ್ರಿ ಅದೊಜಿಂದಾಗೆ ಮಾತ್ರ.

"ಕೈ ಓಡಿಸ್ರೇ! ಮೀನಿಗೆ ಜೋಗುಳ ಹಾಡ್ತಿದ್ದೀರಾ?" ಎಂದು ಅವಳು ಒಂದು ಕೂಗು ಹಾಕಿದರೆ ಸಾಕು, ಉದ್ದನೆಯ ಮೇಜಿನ ಎರಡೂ ಬದಿಯ ಹೆಂಗಸರು ತಲೆ ಎತ್ತದೆ ಮೀನು ಕತ್ತರಿಸಿ ಡಬ್ಬಿಗೆ ಜೋಡಿಸುತ್ತಿದ್ದರು. ಅದೊಜಿಂದಾ ಕೆಟ್ಟ ಹೆಂಗಸೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಸೂಪಿನ ಪಾತ್ರೆ ಹಿಡಿದು ಮೊದಲು ಹೋಗುವವಳು ಅವಳೇ. ಆದರೆ ಕಾರ್ಖಾನೆ ನಡೆಯುವುದು ಬೈಗುಳದಿಂದ ಎಂದು ನಂಬಿದ್ದಳು. ಅವಳಿಗಿಂತ ಮುಂಚಿನ ಮೇಸ್ತ್ರಿ ಅವಳನ್ನು ಹಾಗೆಯೇ ಬೆಳೆಸಿದ್ದಳು.

ಆ ಮೇಜಿನಲ್ಲಿ ಒತೀಲಿಯಾ ಮತ್ತು ಜುಲ್ಮಿರಾ ಅಕ್ಕಪಕ್ಕ ನಿಲ್ಲುತ್ತಿದ್ದರು. ಜುಲ್ಮಿರಾಳ ಮಗಳು ನೇಲಿಯಾಗೆ ಒತೀಲಿಯಾ ನಾಮಕರಣದಲ್ಲಿ ಎತ್ತಿಕೊಂಡ ಧರ್ಮತಾಯಿ. ಅದಕ್ಕೇ ಆ ಊರಿನ ರೂಢಿಯಂತೆ ಇಬ್ಬರೂ ಒಬ್ಬರನ್ನೊಬ್ಬರು "ಕೊಮಾದ್ರೆ" ಎಂದು ಕರೆಯುತ್ತಿದ್ದರು. ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದರು. ಜುಲ್ಮಿರಾಳ ಗಂಡನಿಗೂ ಒತೀಲಿಯಾ ಕೊಮಾದ್ರೆಯೇ.

ತುಂಬಿದ ಡಬ್ಬಿಗಳನ್ನು ಬೇಯಿಸಲು ಹಾಲ್‌ನ ಮೂಲೆಯಲ್ಲಿ ಆಳೆತ್ತರದ ಆವಿಪೆಟ್ಟಿಗೆ ಇತ್ತು. ಡಬ್ಬಿಯ ಗಾಡಿಯನ್ನು ಒಳಗೆ ತಳ್ಳಿ, ಕಬ್ಬಿಣದ ಬಾಗಿಲು ಮುಚ್ಚಿ, ಕೊಂಡಿ ಹಾಕಬೇಕು. ಹೆಂಗಸರು ಸರದಿಯಂತೆ ಆ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಜುಲ್ಮಿರಾ ಅಲ್ಲಿಂದ ಬಂದವಳು ನೇರ ಮೇಸ್ತ್ರಿಯ ಬಳಿಗೆ ಹೋದಳು.

"ಮೇಸ್ತ್ರಮ್ಮಾ, ಆ ಬಾಗಿಲ ಕೊಂಡಿ ಸರಿಯಾಗಿ ಕೂರ್ತಿಲ್ಲ. ಬುಸುಗುಟ್ತಾ ಇದೆ. ಯಾರನ್ನಾದ್ರೂ ಕರೆಸಿ ತೋರಿಸ್ಬೇಕು."

ಅದೊಜಿಂದಾ ಸೊಂಟದ ಮೇಲೆ ಕೈಯಿಟ್ಟಳು. "ನೋಡ್ರಮ್ಮಾ, ಎಂಜಿನಿಯರಮ್ಮ ಬಂದ್ಲು! ಕೊಂಡಿ ಕೂರದಿದ್ರೆ ಹೋಗಿ ಅದರ ಮೇಲೆ ನೀನೇ ಕೂತ್ಕೊ. ಮೈಭಾರ ಸಾಕಷ್ಟಿದೆಯಲ್ಲ!"

ಮೇಜಿಗೆ ಮೇಜೇ ಗೊಳ್ಳೆಂದು ನಕ್ಕಿತು. ಒತೀಲಿಯಾಳೂ ನಕ್ಕಳು. ನಗದಿದ್ದರೆ ಮುಂದೆ ಬೈಸಿಕೊಳ್ಳುವ ಸರದಿ ತನ್ನದು ಎಂದು ಅವಳಿಗೆ ಗೊತ್ತಿತ್ತು. ಜುಲ್ಮಿರಾಳ ಕಿವಿ ಕೆಂಪಾಯಿತು. ಅವಳೂ ಸ್ವಲ್ಪ ನಕ್ಕು ತನ್ನ ಜಾಗಕ್ಕೆ ಬಂದು ಕತ್ತರಿ ಎತ್ತಿಕೊಂಡಳು. ಅಂದಿನಿಂದ ಅವಳ ಹೆಸರೇ ಎಂಜಿನಿಯರಮ್ಮ ಎಂದಾಯಿತು. ಕೊಂಡಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಆ ಮೀನಿನ ಹಂಗಾಮು ಮುಗಿಯುವ ಮುನ್ನ, ಜುಲ್ಮಿರಾ ಪೆಟ್ಟಿಗೆಯ ಮುಂದೆ ನಿಂತಿದ್ದಾಗಲೇ ಬಾಗಿಲು ತನ್ನಷ್ಟಕ್ಕೆ ಸಿಡಿಯಿತು. ಕುದಿಯುವ ಆವಿ ಅವಳನ್ನು ಮುಖದಿಂದ ಮೊಣಕಾಲಿನವರೆಗೆ ಸುಟ್ಟಿತು. ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದಿದ್ದಳು. ಒತೀಲಿಯಾ ಹೋದಾಗ ಬ್ಯಾಂಡೇಜಿನ ನಡುವೆ ಕಣ್ಣು ಮಾತ್ರ ಕಾಣುತ್ತಿತ್ತು. "ನೇಲಿಯಾ ಊಟ ಮಾಡಿದ್ಲಾ?" ಎಂದಷ್ಟೇ ಕೇಳಿದಳು. ಮತ್ತೆ ಮಾತಾಡಲಿಲ್ಲ.

ಮಣ್ಣು ಮಾಡಿದ ಮೇಲೆ ಹೆಂಗಸರು ಸ್ಮಶಾನದ ಗೇಟಿನ ಬಳಿ ಗುಂಪಾಗಿ ನಿಂತರು. ಮನೆಗೆ ಹೋಗಲು ಯಾರಿಗೂ ಕಾಲು ಬರಲಿಲ್ಲ.

"ನಾನು ಆ ಕೊಂಡೀನ ಒದ್ದು ಒದ್ದು ಹಾಕ್ತಿದ್ದೆ" ಎಂದಳು ಒಬ್ಬಳು, ನೆಲ ನೋಡುತ್ತ.

"ನಾನು ಬಟ್ಟೆ ಸುತ್ತಿ ಬಿಗಿ ಮಾಡ್ತಿದ್ದೆ" ಎಂದಳು ಇನ್ನೊಬ್ಬಳು.

"ನನ್ನ ಸರದಿ ಬಂದಾಗೆಲ್ಲ ಶಿಲುಬೆ ಗುರುತು ಹಾಕ್ಕೊಂಡೇ ಹೋಗ್ತಿದ್ದೆ."

ಎಲ್ಲರಿಗೂ ಗೊತ್ತಿತ್ತು. ಪ್ರತಿಯೊಬ್ಬಳೂ ನಗೆಗೀಡಾದೇನು ಎಂದು ಅಂಜಿ ಸುಮ್ಮನಿದ್ದಳು.

ಅದೊಜಿಂದಾ ಎದೆ ಬಡಿದುಕೊಂಡಳು. "ಅಯ್ಯೋ, ಯಾಕ್ರೇ ಯಾರೂ ನನಗೊಂದು ಮಾತು ಹೇಳ್ಲಿಲ್ಲ?"

ಒತೀಲಿಯಾ ಬಾಯಿಬಿಟ್ಟಳು. "ಹೇಳಿದ್ಲಲ್ಲ ಮೇಸ್ತ್ರಮ್ಮಾ, ಜುಲ್ಮಿರಾ ಹೇಳಿದ್ಲು. ನಾವೆಲ್ಲ ನಕ್ವಿ."

ಅದೊಜಿಂದಾ ಗೋಡೆ ಹಿಡಿದು ಅಲ್ಲೇ ಕುಳಿತುಬಿಟ್ಟಳು.

ಅಧಿಕಾರಿಗಳು ಬಂದರು, ತಪಾಸಣೆ ಮಾಡಿದರು. ಯಜಮಾನ ಹೊಸ ಬಾಗಿಲು ಹಾಕಿಸಿದ. ಕೆಲಸ ಮತ್ತೆ ಶುರುವಾಯಿತು. ಆದರೆ ಮೇಜಿನಲ್ಲಿ ಮೊದಲಿಗಿಂತಲೂ ಹೆಚ್ಚು ಮೌನ. ಆಗ ಊರಿನ ಆರೋಗ್ಯ ಕೇಂದ್ರದ ನರ್ಸ್ ಲೂರ್ದೆಸ್ ಕಾರ್ಖಾನೆಗೆ ಬಂದಳು. ಹೆಂಗಸರ ಕೈಗಾಯಗಳಿಗೆ ಔಷಧಿ ಹಾಕಿ ಎಲ್ಲರಿಗೂ ಬೇಕಾದವಳು. ಮಧ್ಯಾಹ್ನದ ಬ್ರೆಡ್ಡು ಬಿಚ್ಚಿಕೊಂಡು ಕುಳಿತಿದ್ದವರ ನಡುವೆ ತಾನೂ ಒಂದು ಪೆಟ್ಟಿಗೆ ಎಳೆದುಕೊಂಡು ಕುಳಿತಳು.

"ಬಾಗಿಲು ಹೊಸದು ಬಂತು, ಸಂತೋಷ" ಎಂದಳು. "ನಾಳೆ ಇನ್ನೊಂದೇನೋ ಕೆಡುತ್ತೆ. ಆಗ ಯಾರು ಹೇಳ್ತೀರಿ?"

ಎಲ್ಲರೂ ತಲೆ ತಗ್ಗಿಸಿ ಬ್ರೆಡ್ಡು ಮುರಿಯತೊಡಗಿದರು.

ಅದೊಜಿಂದಾಳ ದನಿ ಗಡುಸಾಗಿಯೇ ಇತ್ತು. "ನೋಡಮ್ಮಾ ಲೂರ್ದೆಸ್, ನನ್ನ ತಪ್ಪು ನನಗೆ ಗೊತ್ತು. ನಿದ್ದೆ ಇಲ್ಲ ನನಗೆ. ಆದ್ರೂ ಬೈಯದೆ ಕೆಲಸ ಆಗುತ್ತಾ? ಮೀನು ಕಾಯುತ್ತಾ? ಇವರನ್ನ ಮುದ್ದು ಮಾಡ್ತಾ ಕೂತ್ರೆ ಸಂಜೆಗೆ ನಾರುತ್ತೆ."

"ಮುದ್ದು ಮಾಡಿ ಅಂತ ಯಾರು ಹೇಳಿದ್ರು? ಬೇಗ ಬೇಗ ಅನ್ನಿ, ತಪ್ಪಾದ್ರೆ ತಪ್ಪು ಅನ್ನಿ. ಆದ್ರೆ ಒಬ್ಬಳು ಬಂದು ಇಲ್ಲೇನೋ ಸರಿ ಇಲ್ಲ ಅಂದಾಗ ನಗಬೇಡಿ. ಮೊದಲು, ಹೇಳಿದ್ದು ಒಳ್ಳೇದಾಯ್ತು ಅನ್ನಿ. ಆಮೇಲೆ ಹೋಗಿ ನೋಡಿ. ಅವಳು ಹೇಳಿದ್ದು ಸುಳ್ಳಾದ್ರೂ ಸರಿ, ಬೈಬೇಡಿ. ಒಬ್ಬಳಿಗೆ ಅವಮಾನ ಆದ್ರೆ ನೋಡ್ತಾ ಇರೋರೆಲ್ಲ ಬಾಯಿಗೆ ಬೀಗ ಹಾಕ್ಕೋತಾರೆ."

"ನಮ್ಮ ಕಾಲದಲ್ಲಿ ಹೀಗೆಲ್ಲ ಇರ್ಲಿಲ್ಲ."

"ನಿಮ್ಮ ಕಾಲದಲ್ಲಿ ಸುಟ್ಕೊಂಡೋರು ಇರ್ಲಿಲ್ವಾ, ಮೇಸ್ತ್ರಮ್ಮಾ?"

ಅದೊಜಿಂದಾ ಬ್ರೆಡ್ಡನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಟ್ಟಳು.

ಲೂರ್ದೆಸ್ ಯಜಮಾನನನ್ನೂ ಬಿಡಲಿಲ್ಲ. ಅಪಾಯ ಕಂಡವರು ಯಾರೇ ಇರಲಿ, ಯಂತ್ರ ನಿಲ್ಲಿಸಬಹುದು. ಅದಕ್ಕಾಗಿ ಯಾರ ಕೂಲಿಯನ್ನೂ ಹಿಡಿಯಬಾರದು, ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದು ಅವನ ಬಾಯಿಂದಲೇ ಎಲ್ಲರೆದುರು ಹೇಳಿಸಿದಳು. ದಿನವೂ ಕೆಲಸಕ್ಕೆ ಮುಂಚೆ ಎಲ್ಲರೂ ಸ್ವಲ್ಪ ಹೊತ್ತು ಒಟ್ಟಿಗೆ ನಿಂತು, ಕಂಡದ್ದನ್ನು ಹೇಳಬೇಕು ಎಂದಾಯಿತು.

ಮೊದಲ ಕೆಲವು ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಒಂದು ದಿನ ಅದೊಜಿಂದಾ ತಾನೇ ಮುಂದೆ ಬಂದಳು. "ನಾನೇ ಶುರು ಮಾಡ್ತೀನಿ. ಜುಲ್ಮಿರಾ ಬಂದು ಹೇಳಿದಾಗ ನಾನು..." ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಅಷ್ಟು ವರ್ಷದಲ್ಲಿ ಅವಳ ಕಣ್ಣೀರನ್ನು ಯಾರೂ ಕಂಡಿರಲಿಲ್ಲ. ಹಿಂದಿನಿಂದ ಒಂದು ಸಣ್ಣ ದನಿ ಬಂತು: "ಎಣ್ಣೆ ಸುರಿಯೋ ಕಡೆ ನೆಲ ಜಾರುತ್ತೆ, ಮೇಸ್ತ್ರಮ್ಮಾ." ಅಂದೇ ಅಲ್ಲಿ ಒರಟು ಹಲಗೆ ಬಿತ್ತು. ಮಾರನೆಯ ದಿನ ಮತ್ತಿಬ್ಬರು ಬಾಯಿ ತೆರೆದರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಆಗಸ್ಟಿನಲ್ಲಿ ದೋಣಿ ತುಂಬ ಮೀನು ಬಂತು. "ಬೆಳಗಿನ ಮಾತು ಇವತ್ತೊಂದಿನ ಬೇಡ, ಹೊತ್ತಿಲ್ಲ" ಎಂದಳು ಅದೊಜಿಂದಾ. ಮರುದಿನವೂ ಹೊತ್ತಿರಲಿಲ್ಲ. ನಿಧಾನವಾಗಿ ಹಳೆಯ ದನಿ ಮರಳಿತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಡಬ್ಬಿ ಮುಚ್ಚುವ ಯಂತ್ರ ವಿಚಿತ್ರವಾಗಿ ಸದ್ದು ಮಾಡುತ್ತಿದೆ ಎಂದಾಗ, "ಸದ್ದು ಮಾಡ್ದೆ ನಿನ್ ಥರ ನಿದ್ದೆ ಮಾಡ್ಬೇಕಾ?" ಎಂದುಬಿಟ್ಟಳು ಅದೊಜಿಂದಾ. ಮೇಜು ನಕ್ಕಿತು.

ಒತೀಲಿಯಾ ಕತ್ತರಿ ಕೆಳಗಿಟ್ಟಳು.

"ನಗಬೇಡ್ರೇ" ಎಂದಳು. "ಒಂದ್ಸಲ ನಕ್ಕಿದ್ದು ಸಾಕಾಗ್ಲಿಲ್ವಾ ನಮಗೆ?"

ನಗು ಅಲ್ಲೇ ಸತ್ತಿತು. ಅದೊಜಿಂದಾ ಹೊಸ ಹುಡುಗಿಯ ಹತ್ತಿರ ಹೋಗಿ, "ತಪ್ಪಾಯ್ತು ಮಗಳೇ. ಏನಂದೆ, ಇನ್ನೊಂದ್ಸಲ ಹೇಳು" ಎಂದಳು. ಯಂತ್ರ ನಿಲ್ಲಿಸಿ ನೋಡಿದರು. ಒಳಗೆ ಒಂದು ಬೋಲ್ಟು ಸಡಿಲವಾಗಿತ್ತು. ಆಮೇಲೆ ಎಷ್ಟೇ ಮೀನು ಬಂದರೂ ಬೆಳಗಿನ ಮಾತು ತಪ್ಪಲಿಲ್ಲ.

ಸತ್ತವರ ಹಬ್ಬದ ದಿನ ಒತೀಲಿಯಾ ಸೇವಂತಿಗೆ ಹಿಡಿದು ಜುಲ್ಮಿರಾಳ ಸಮಾಧಿಗೆ ಹೋದಳು. ಜುಲ್ಮಿರಾಳ ಗಂಡ ಕುಸ್ತೋದ್ಯೊ ಕಲ್ಲು ತೊಳೆಯುತ್ತಿದ್ದ. ನೇಲಿಯಾ ಈಗ ದುಡಿಯುವ ವಯಸ್ಸಿಗೆ ಬಂದಿದ್ದಳು. ಅಮ್ಮನ ಕಾರ್ಖಾನೆಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು.

"ಅದು ಒಬ್ಬಳನ್ನ ತಿಂದಿದ್ದು ಸಾಕು" ಎಂದ ಕುಸ್ತೋದ್ಯೊ. ಕಲ್ಲು ಉಜ್ಜುತ್ತಲೇ ಕೇಳಿದ: "ಕೊಮಾದ್ರೆ, ಅವಳು ಕೊಂಡಿ ವಿಷಯ ಹೇಳಿದಾಗ ನೀನೂ ಅಲ್ಲಿದ್ಯಾ?"

"ಇದ್ದೆ."

"ನಕ್ಯಾ?"

"ನಕ್ಕೆ."

ಅವನು ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ಸುರಿದು, ಅದು ಹರಿದು ಹೋಗುವುದನ್ನೇ ನೋಡಿದ.

"ಒಂದಿನ ಬೆಳಿಗ್ಗೆ ಬಂದು ನೋಡು" ಎಂದಳು ಒತೀಲಿಯಾ. "ನೋಡಿದ ಮೇಲೂ ಬೇಡ ಅನ್ನಿಸಿದ್ರೆ ನೇಲಿಯಾನ ನಾನೇ ತಡೀತೀನಿ."

ಅವನು ಬಂದ. ಟೋಪಿ ತೆಗೆದು ಬಾಗಿಲ ಬಳಿ ನಿಂತ. ಕೈಗವಸು ಹರಿದಿದೆ ಎಂದಳು ಒಬ್ಬಳು. ಬಸುರಿಯೊಬ್ಬಳು, ಬಹಳ ಹೊತ್ತು ನಿಂತರೆ ತಲೆ ಸುತ್ತುತ್ತದೆ ಎಂದಳು. ಅವಳಿಗೆ ಕುರ್ಚಿ ಬಂತು. "ಹೇಳಿದ್ದು ಒಳ್ಳೇದಾಯ್ತು" ಎಂದಳು ಅದೊಜಿಂದಾ ಪ್ರತಿಸಲವೂ. ಎಲ್ಲರೂ ಕೆಲಸಕ್ಕೆ ಹೊರಟರು.

"ಮುಗೀತಾ?" ಎಂದ ಕುಸ್ತೋದ್ಯೊ.

"ಮುಗೀತು."

"ಇಷ್ಟೇನಾ?" ಅವನು ಆವಿಪೆಟ್ಟಿಗೆಯ ಕಡೆ ತಿರುಗಿದ. "ಇಷ್ಟೇ ಸಾಕಿತ್ತಾ, ಕೊಮಾದ್ರೆ?"

ಅವನು ಟೋಪಿ ಹಾಕಿಕೊಂಡು, "ನೇಲಿಯಾನ ನಿನ್ನ ಪಕ್ಕದಲ್ಲೇ ನಿಲ್ಲಿಸ್ಕೋ" ಎಂದು ಹೇಳಿ ಹೊರಟುಹೋದ.

ಅಕ್ಕಂದಿರೇ, ಅಣ್ಣಂದಿರೇ, ನೀವು ದುಡಿಯುವ ಜಾಗ ಗಾರ್ಮೆಂಟ್ಸ್ ಇರಲಿ, ಗೋಡಂಬಿ ಕಾರ್ಖಾನೆ ಇರಲಿ, ಆಸ್ಪತ್ರೆ, ಅಂಗಡಿ, ಕಚೇರಿ ಇರಲಿ, ಅಲ್ಲೂ ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಒಂದು ಕೊಂಡಿ ಇದ್ದೀತು. ನಾಳೆಯೇ ಹೇಳಿ. ಒಬ್ಬರೇ ಹೇಳಲು ಅಂಜಿಕೆಯಾದರೆ ಇಬ್ಬರು ಕೂಡಿ ಹೇಳಿ. ಪಕ್ಕದವರು ಹೇಳುವಾಗ ನಗಬೇಡಿ, ಅವರ ಜೊತೆ ನಿಲ್ಲಿ. ನೀವು ಮೇಲಿನ ಕೆಲಸದಲ್ಲಿದ್ದರೆ ಮೊದಲು ಕಿವಿಗೊಡಿ, ಹೇಳಿದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ. ಕೆಲಸ ಹೆಚ್ಚಿರುವ ದಿನ ಇದನ್ನು ಬಿಡಲೇಬೇಡಿ, ಬೇಕಾಗುವುದು ಅಂದೇ. ಜುಲ್ಮಿರಾ ಹೇಳಿದ್ದಳು. ಅಂದು ಕೇಳುವವರೊಬ್ಬರು ಇದ್ದಿದ್ದರೆ, ನೇಲಿಯಾಳ ಊಟವನ್ನು ಇವತ್ತೂ ಅವಳೇ ವಿಚಾರಿಸಿಕೊಳ್ಳುತ್ತಿದ್ದಳು.